ಹಳ್ಳದ ತಿರುವಿನ ಹುಲ್ಲು

ಅವರ ಎಡಗೈಯ ಮೇಲೆ, ಮೊಣಕೈಗಿಂತ ತುಸು ಕೆಳಗೆ, ಬೆರಳಿನ ತುದಿ ಕೂರುವಷ್ಟು ಗುಂಡನೆಯ ಕುಳಿಯೊಂದಿತ್ತು. ಯಾರಾದರೂ ಅದನ್ನು ನೋಡಿದರೆ ಅಂಗಿಯ ತೋಳನ್ನು ಕೆಳಗೆ ಎಳೆದುಕೊಳ್ಳುತ್ತಿದ್ದರು. ಬೈಲಹೊಂಗಲದ ದನದ ದವಾಖಾನೆಯಲ್ಲಿ ಸಿಪಾಯಿಯಾಗಿದ್ದ ಅವರನ್ನು ನಾನು ದವಾಖಾನಿ ಕಾಕಾ ಎನ್ನುತ್ತಿದ್ದೆ. ಅವರ ತಂದೆ ನಮ್ಮೂರಿನ ಸತ್ತ ದನಗಳ ಚರ್ಮ ಸುಲಿಯುತ್ತಿದ್ದವರು. ಮಗ ಖಾಕಿ ಅಂಗಿ ತೊಟ್ಟು ಬದುಕಿರುವ ದನಗಳ ಕಡೆಗೆ ಬಂದಿದ್ದರು. ಸಂಜೆ ಸೈಕಲ್ ಮೇಲೆ ಊರಿಗೆ ಮರಳುವಾಗ ಯಾರ ದನ ಕಂಡರೂ ಇಳಿದು ಕಿವಿ ಮುಟ್ಟಿ, "ತಣ್ಣಗ ಐತಿ, ಛಲೋ ಐತಿ" ಎಂದು ತಮಗೆ ತಾವೇ ಹೇಳಿಕೊಂಡು ಹೋಗುತ್ತಿದ್ದರು. ಮನುಷ್ಯರ ಯೋಗಕ್ಷೇಮ ಕೇಳಿದ್ದು ಮಾತ್ರ ಕಡಿಮೆ.

ಎಪ್ಪತ್ತರ ದಶಕದ ಮಾತು. ನಾನು ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ದನಗಳ ಮೇವು ನನ್ನ ಪಾಲಿನ ಕೆಲಸ. ಒಂದು ರವಿವಾರ ಬೆಳಿಗ್ಗೆ ಜೋಡಿಯಲ್ಲಿ ಒಂದು ಎತ್ತು ಮೇವು ಮುಟ್ಟಲಿಲ್ಲ, ಮೈ ನಡುಗುತ್ತಿತ್ತು. ನೀರು ತರುವಷ್ಟರಲ್ಲಿ ಬಿತ್ತು. ಮಧ್ಯಾಹ್ನದೊಳಗೆ ಸತ್ತೇಹೋಯಿತು. ಹೊಟ್ಟೆ ಉಬ್ಬಿತ್ತು, ಮೂಗಿನಿಂದ ಕಪ್ಪು ರಕ್ತ ಸೋರುತ್ತಲೇ ಇತ್ತು, ಹೆಪ್ಪುಗಟ್ಟಲಿಲ್ಲ.

ಅತ್ತೆ ನನ್ನ ಕಡೆ ತಿರುಗಿದರು. "ಏನ್ ಹಾಕಿದಿ? ಜ್ವಾಳದ ಎಳಿ ಚಿಗುರು ಹಾಕಿದೇನ?"

ಕೊಯ್ದ ಜೋಳದ ಬುಡದಲ್ಲಿ ಒಡೆಯುವ ಚಿಗುರು ದನಕ್ಕೆ ವಿಷವೆಂದು ನನಗೂ ಗೊತ್ತಿತ್ತು. ಹಾಕಿರಲಿಲ್ಲ. ಆದರೆ ಅವರು ಕೇಳಿದ ಕೂಡಲೇ ನನಗೇ ಅನುಮಾನ ಶುರುವಾಯಿತು. ಹುಲ್ಲಿನ ಜೊತೆ ನಾಲ್ಕು ಗರಿ ಬಂದಿರಬಹುದೇ? ಕುಡುಗೋಲು ಆಡಿಸುವಾಗ ನಾನು ನೋಡಿದ್ದೆನೇ? ನೆನಪು ಮಾಡಿಕೊಂಡಷ್ಟೂ ಗೋಜಲಾಯಿತು. ಮೊದಲೇ ಹಟಮಾರಿ ನಾನು. "ಹೊಟ್ಟಿ ಕೊಯ್ದು ನೋಡ್ರಿ. ಚಿಗುರು ಸಿಕ್ಕರ ತವರಿಗೆ ಹೋಗತೇನಿ" ಎಂದುಬಿಟ್ಟೆ. ಕೊಯ್ಯಲು ಮಾವ ಕಾಕಾಗೆ ಹೇಳಿಕಳಿಸಿದರು.

ಕಾಕಾ ಬಂದರು, ಆ ರಕ್ತ ನೋಡಿ ದೂರದಲ್ಲೇ ನಿಂತರು. "ನಾ ಕೊಯ್ಯಾಂಗಿಲ್ರಿ ಗೌಡ್ರ. ನೀವೂ ಕೊಯ್ಯಬ್ಯಾಡ್ರಿ."

"ಖಾಕಿ ಅಂಗಿ ಹಾಕಿದ ಮ್ಯಾಲ ಸೊಕ್ಕು ಬಂತೇನ ನಿನಗ?" ಎನ್ನುತ್ತಾ ಮಾವ ತಾವೇ ಚಾಕು ಹಿಡಿದರು.

ಕಾಕಾ ಸದಾ ಕೆಳಗೆ ಎಳೆದುಕೊಳ್ಳುತ್ತಿದ್ದ ತೋಳನ್ನು ಮೇಲಕ್ಕೆ ಮಡಚಿದರು. "ಹಿಂದ ಇಂಥಾದ ಎತ್ತು ಸುಲದಾಗ ಎದ್ದಿದ್ದು ಇದು. ಮೊದಲ ಒಂದು ಗುಳ್ಳಿ, ಆಮ್ಯಾಲ ಕರ್ರಗ ಆತು. ಒಂದೀಟೂ ನೋಯಲಿಲ್ಲ. ನಮ್ಮಣ್ಣಗೂ ಹಿಂಗ ಎದ್ದಿತ್ತು. ಅಂವ ಉಳೀಲಿಲ್ಲ."

ಮಾವನ ಕೈ ಕೆಳಗಿಳಿಯಿತು. ನನಗೆ ಮಾತ್ರ ಕಾಕಾ ಮೇಲೆ ಕೆಟ್ಟ ಸಿಟ್ಟು ಬಂತು. ನಾನು ತಪ್ಪಿತಸ್ಥೆ ಹೌದೋ ಅಲ್ಲವೋ ಎಂಬುದು ಆ ಹೊಟ್ಟೆಯೊಳಗಿತ್ತು, ಅದನ್ನೇ ಅವರು ಮುಚ್ಚಿಸಿದ್ದರು.

ಅವರೇ ಸೈಕಲ್ ತುಳಿದು ಡಾಕ್ಟರರನ್ನು ಕರೆತಂದರು. ಡಾಕ್ಟರು ಎತ್ತಿನ ಕಿವಿಯಿಂದ ಒಂದು ಹನಿ ರಕ್ತ ಗಾಜಿನ ಮೇಲೆ ತೆಗೆದುಕೊಂಡು ಹೋದರು. ಆಳದ ಕುಣಿ ತೋಡಿಸಿ, ಸುಣ್ಣ ಸುರಿಸಿ ಹೂಳಿಸಿದರು. ಮರುದಿನ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಎಂದು ಗೊತ್ತಾಗಿ ಉಳಿದ ದನಗಳಿಗೆಲ್ಲ ಸೂಜಿ ಹಾಕಿಸಿದರು. ಚಿಗುರಿನ ಮಾತು ಅಲ್ಲಿಗೆ ನಿಂತಿತು, ನಾನು ಹಗುರಾದೆ.

ಅಂದೇ ಹಿತ್ತಿಲಲ್ಲಿ ಕಾಕಾ ಮೆಲ್ಲಗೆ ಕೇಳಿದರು. "ಹುಲ್ಲು ಎಲ್ಲಿಂದ ತಂದಿದ್ದೆವ್ವಾ?"

"ಹಳ್ಳದ ತಿರುವಿನ್ಯಾಗಿಂದ. ಭಾಳ ಹಸರ ಇತ್ತು."

ಅವರು ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು. "ಆ ಎತ್ತು ನಾವು ಸುಲದಿದ್ದು ಅಲ್ಲೇ. ಈ ಜಡ್ಡು ವರ್ಷಾನಗಟ್ಟಲೆ ಮಣ್ಣಾಗ ಇರತೈತಿ. ನಾ ಊರಿಗೆ ಹೇಳಬೇಕಾಗಿತ್ತು."

"ಯಾಕ ಹೇಳಲಿಲ್ಲ ಕಾಕಾ?"

"ನಮ್ಮ ಮ್ಯಾಲೇ ಬರತೈತಂತ ಅಂಜಿದೆ."

ತಪ್ಪು ಯಾರದು? ಹುಲ್ಲು ಕೊಯ್ದ ನನ್ನದೋ, ಹೇಳದ ಅವರದೋ, ಮಣ್ಣಿನದೋ? ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ಪೂರ್ತಿ ತಿಳಿದಿಲ್ಲ. ಕಾಕಾ ಮಾತ್ರ ಆ ಸಂಜೆಯೇ ಮಾವನೆದುರು ನಿಂತು, "ಹಳ್ಳದ ತಿರುವಿನ್ಯಾಗ ನಾವು ಸುಲದಿದ್ವಿರಿ. ಜಡ್ಡು ಅಲ್ಲಿಂದ ಬಂದೈತಿ. ಅಲ್ಲಿ ಯಾರೂ ದನ ಬಿಡಬ್ಯಾಡ್ರಿ" ಎಂದರು. ನನ್ನ ಕುಡುಗೋಲಿನ ಮಾತೇ ಎತ್ತಲಿಲ್ಲ. ಎತ್ತನ್ನು ಅತ್ತ ಮೇಯಿಸಲು ಬಿಟ್ಟಿದ್ದರಿಂದಲೇ ಹೀಗಾಯಿತೆಂದು ಮನೆಯವರು ತಿಳಿದರು. ಮಾವ ಬೈದರು, ಊರೂ ಬೈಯಿತು. ಎಷ್ಟೋ ತಿಂಗಳು ಯಾರೂ ತಮ್ಮ ದನದ ಕಿವಿ ಮುಟ್ಟಲು ಅವರನ್ನು ಬಿಡಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಅವರು ತಾವೇ ಜಾಲಿಮುಳ್ಳು ಕಡಿದು ಆ ತಿರುವಿಗೆ ಬೇಲಿ ಹಾಕಿದರು. ಮುಂದೆ ಹದಿನೈದು ದಿನ ಸಂಜೆ ಅಂಗಳದಲ್ಲಿ ಸೈಕಲ್ ನಿಲ್ಲಿಸಿ, "ಕೈ ತೋರಸವ್ವಾ" ಎನ್ನುತ್ತಿದ್ದರು. ಎರಡೂ ಕೈ ಹಿಂದೆ ಮುಂದೆ ಮಾಡಿ ತೋರಿಸುತ್ತಿದ್ದೆ. ಗುಳ್ಳೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಪೆಡಲ್ ತುಳಿಯುತ್ತಿದ್ದರು.

ಅವರು ತೀರಿಕೊಂಡ ದಿನ ಹೋದೆ. ಯಾರೋ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದಿದ್ದರು. ಅಷ್ಟು ವರ್ಷ ನುಂಗಿಕೊಂಡಿದ್ದು ಅಲ್ಲಿ ತಡೆಯಲಿಲ್ಲ. ಅವರ ಹೆಂಡತಿಯ ಕೈ ಹಿಡಿದು, "ಕಾಕೂ, ಆ ಹುಲ್ಲು ಕೊಯ್ದಾಕಿ ನಾನು" ಎಂದೆ.

"ಗೊತ್ತೈತವ್ವಾ" ಎಂದರು ಅವರು. "ಹೊಸಾ ಸೊಸಿ, ಆಕಿ ಆ ಮನ್ಯಾಗ ಇನ್ನೂ ಬಾಳೇವು ಮಾಡಬೇಕು ಅಂತ ಅವತ್ತೇ ಹೇಳಿದ್ರು."