ಸೋಮವಾರ ಬಂದ ಕ್ರಿಸ್ಮಸ್

1978ರ ಡಿಸೆಂಬರ್ 25, ಸೋಮವಾರ, ಸಂಜೆ ನಾಲ್ಕರ ಸುಮಾರಿಗೆ ದಂಡಿನಶಿವರದ ನಮ್ಮ ಬಾಡಿಗೆ ಮನೆಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಂದರು. ಅವರಿಗಾಗಿ ಒಂದು ಡಬರಿ ತುಂಬ ಕಜ್ಜಾಯ, ಒಂದು ಡಬ್ಬ ಕರ್ಜಿಕಾಯಿ ಸಿದ್ಧವಾಗಿದ್ದವು. ಒಬ್ಬರೂ ಒಂದನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಆಗ ನಾನು ಒಂದು ದಿನಪತ್ರಿಕೆಗೆ ತಿಪಟೂರಿನಿಂದ ಸುದ್ದಿ ಕಳಿಸುತ್ತಿದ್ದೆ. ಕೊಬ್ಬರಿ ಧಾರಣೆ, ಮಂತ್ರಿಗಳ ಪ್ರವಾಸ, ಬಸ್ಸು ಹಳ್ಳಕ್ಕೆ ಬಿದ್ದದ್ದು, ಇಂಥವು. ನನ್ನ ಹೆಂಡತಿ ಸರ್ಕಾರಿ ನರ್ಸು. ಮದುವೆಯಾದ ವರ್ಷವೇ ಅವಳಿಗೆ ದಂಡಿನಶಿವರದ ಕಡೆಗೆ ವರ್ಗವಾಯಿತು. 1977ರ ಜೂನ್‌ನಲ್ಲಿ ಅಲ್ಲಿ ಮನೆ ಹಿಡಿದೆವು. ನಾನು ಬೆಳಿಗ್ಗೆ ಬಸ್ಸು ಹತ್ತಿ ತಿಪಟೂರಿಗೆ ಹೋಗಿ ಸಂಜೆ ವಾಪಸು ಬರುತ್ತಿದ್ದೆ. ಆ ಬೀದಿಯಲ್ಲಿ ಕ್ರೈಸ್ತರು ನಾವಿಬ್ಬರೇ.

ಮನೆಯ ಯಜಮಾನರು ತೆಂಗಿನ ತೋಟದವರು, ಲಿಂಗವಂತರು, ನಲವತ್ತರ ಆಸುಪಾಸಿನವರು. ದೊಡ್ಡ ಮನೆಯ ಮುಂಭಾಗದ ಎರಡು ಕೋಣೆ ನಮಗೆ, ಉಳಿದದ್ದು ಅವರಿಗೆ ಮತ್ತು ಅವರ ತಾಯಿಗೆ. ಮೇಲಿನ ಅಟ್ಟ ಮಾತ್ರ ಕಾಯಿಗಳದು. ಅಲ್ಲಿ ಸುಲಿಯದ ತೆಂಗಿನಕಾಯಿ ಹೆಚ್ಚುಕಡಿಮೆ ಒಂದು ವರ್ಷ ಬಿದ್ದುಕೊಂಡು ಒಳಗೇ ಒಣಗಿ ಕೊಬ್ಬರಿಯಾಗುತ್ತಿದ್ದವು.

ಮನೆ ಕೊಡುವಾಗ ಯಜಮಾನರು ಎರಡು ಷರತ್ತು ಹಾಕಿದರು. ಮೊದಲನೆಯದು, ಮನೆಯೊಳಗೆ ಮೊಟ್ಟೆ ಮಾಂಸ ಬೇಯಿಸಬಾರದು. ಅದಕ್ಕೆ ನಾವು ತಕ್ಷಣ ಒಪ್ಪಿದೆವು. ಎರಡನೆಯದನ್ನು ಹೇಳಲು ಅವರು ಸ್ವಲ್ಪ ತಡವರಿಸಿದರು.

"ನೋಡವ್ವ, ನಿಮ್ ದೇವ್ರು ನಿಮ್ಗೆ, ನಮ್ ದೇವ್ರು ನಮ್ಗೆ. ನಮ್ಮೋರ್ ಕಿವಿಗೆ ಏನೂ ಹಾಕ್ಬ್ಯಾಡಿ."

ನಾನು ತಲೆಯಾಡಿಸಿಬಿಟ್ಟಿದ್ದೆ. ನನ್ನ ಹೆಂಡತಿ ಆಡಿಸಲಿಲ್ಲ.

"ನಾನಾಗಿ ಹೇಳಲ್ಲ ಯಜಮಾನ್ರೇ. ಆದ್ರೆ ಯಾರಾದ್ರೂ ಬಾಯಿಬಿಟ್ಟು ಕೇಳಿದ್ರೆ, ಹೇಳ್ದೆ ಇರಲ್ಲ."

ಯಜಮಾನರು ನಕ್ಕರು. "ಯಾರ್ ಕೇಳ್ತಾರೆ ಬುಡವ್ವ" ಎಂದು ಬೀಗದ ಕೈ ಕೊಟ್ಟರು.

ಯಾರೂ ಕೇಳಲಿಲ್ಲ. ಒಂದೂವರೆ ವರ್ಷ ಕೇಳಲಿಲ್ಲ. ಅದು ಅವಳನ್ನು ಎಷ್ಟು ಕಾಡುತ್ತಿತ್ತು ಎನ್ನುವುದು ನನಗೆ ಗೊತ್ತಿತ್ತು. ನಾನು ಹುಟ್ಟಿನಿಂದ ಕ್ರೈಸ್ತ. ಭಾನುವಾರ ದೇವಾಲಯಕ್ಕೆ ಹೋಗಿಬಂದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದವನು. ಅವಳ ಲೆಕ್ಕಾಚಾರ ಬೇರೆ. ಕೊಳ್ಳೇಗಾಲದ ಕಡೆಯ ಅವಳ ತಾಯಿ ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಆ ಸಮಯದಲ್ಲಿ ಒಬ್ಬ ಉಪದೇಶಿಯ ಹೆಂಡತಿ ದಿನಾ ಸಂಜೆ ಬಂದು ಜಗಲಿಯ ಮೇಲೆ ಕೂತು ಸುವಾರ್ತೆಯ ಪುಸ್ತಕ ಓದಿ ಹೇಳಿದರಂತೆ, ಅದೇ ಪುಸ್ತಕದಿಂದ ಅಕ್ಷರವನ್ನೂ ಕಲಿಸಿದರಂತೆ. ಅವರು ಬರದೆ ಇದ್ದಿದ್ದರೆ ಅಮ್ಮ ಎದ್ದು ನಿಲ್ಲುತ್ತಿರಲಿಲ್ಲ, ನಾನು ನರ್ಸ್ ಆಗುತ್ತಿರಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ನಂಬಿಕೆ ಅವಳು ದುಡಿದು ತಂದದ್ದಲ್ಲ, ಯಾರೋ ನಡೆದು ಬಂದು ಕೊಟ್ಟು ಹೋದದ್ದು. ತಾನೂ ಒಬ್ಬರಿಗಾದರೂ ಕೊಡದೆ ಹೋದರೆ ಅದನ್ನು ಪಡೆದದ್ದಕ್ಕೆ ಅರ್ಥವಿಲ್ಲ ಎನ್ನುವುದು ಅವಳ ಖಚಿತವಾದ ಅಭಿಪ್ರಾಯ.

ಹೆರಿಗೆ ಮಾಡಿಸಲು ಹೋದ ಮನೆಗಳಲ್ಲಿ ಹೇಳಬಹುದಲ್ಲ ಎಂದು ಒಮ್ಮೆ ನಾನೇ ಕೇಳಿದ್ದೆ. ಅವಳು ಒಪ್ಪಲಿಲ್ಲ. ನೋವು ತಿನ್ನುತ್ತಿರುವವಳು ಏನು ಹೇಳಿದರೂ ಹೂಂ ಅನ್ನುತ್ತಾಳೆ, ಅದನ್ನು ಕೇಳಿಸಿಕೊಂಡದ್ದು ಅನ್ನಲಾಗದು ಎಂದಳು. ಮನೆಯಲ್ಲಿ ಷರತ್ತು, ಕೆಲಸದಲ್ಲಿ ಅವಳದೇ ನಿಯಮ. ಉಳಿದ ದಾರಿ ಕಾಯುವುದೊಂದೇ.

1978ರ ಕ್ರಿಸ್ಮಸ್‌ಗೆ ಅವಳು ಬೀದಿಯ ಮನೆಮನೆಗೂ ಹೋಗಿ, ನಮ್ಮ ಹಬ್ಬ, ಸಂಜೆ ನಾಲ್ಕಕ್ಕೆ ಬಂದು ಬಾಯಿ ಸಿಹಿ ಮಾಡಿಕೊಂಡು ಹೋಗಿ ಎಂದು ಕರೆದಳು. ಇದು ಕೊಟ್ಟ ಮಾತಿನ ಅಂಚಿಗೆ ಬಂತಲ್ಲ ಎಂದೆ. "ಕರೆಯೋದು ಹೇಳೋದಲ್ಲ" ಎಂದಳು. ಹತ್ತು ಜನ ಬಂದರೆ ಹೆಚ್ಚು ಎನ್ನುವುದು ನಮ್ಮಿಬ್ಬರ ಅಂದಾಜು. ಅದು ಕಣಗಾಲ. ರಾಗಿ ಮೆದೆಗಳನ್ನು ಬಿಚ್ಚಿ, ಎತ್ತು ಕಟ್ಟಿ ಕಲ್ಲುಗುಂಡು ಎಳೆಸುವ ಹೊತ್ತಿನಲ್ಲಿ ಕಣ ಬಿಟ್ಟು ಯಾರು ಬರುತ್ತಾರೆ?

ಮೊಟ್ಟೆ ಹಾಕಿದ ಕೇಕಿನ ವಿಚಾರವನ್ನೇ ಅವಳು ಎತ್ತಲಿಲ್ಲ. ಕಜ್ಜಾಯ, ಕರ್ಜಿಕಾಯಿ ಸಾಕು ಎಂದು ತೀರ್ಮಾನವಾಯಿತು. ಕರ್ಜಿಕಾಯಿಯ ಹೂರಣಕ್ಕೆ ಕೊಬ್ಬರಿಯನ್ನು ಯಜಮಾನರೇ ಅಟ್ಟದಿಂದ ಇಳಿಸಿ ಕೊಟ್ಟರು. ಬೆಳಿಗ್ಗೆ ತಿಪಟೂರಿನ ಆರಾಧನೆ ಮುಗಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆವು.

ನಾಲ್ಕಕ್ಕೆ ಇಡೀ ಬೀದಿಯೇ ಬಂತು. ಕುರ್ಚಿ ಎರಡೇ ಇದ್ದವು. ಗಂಡಸರು ಜಗಲಿಯ ಮೇಲೆ, ಹೆಂಗಸರು ಒಳಗೆ ಚಾಪೆಯ ಮೇಲೆ ಕೂತರು. ನನ್ನ ಹೆಂಡತಿ ತಟ್ಟೆ ಹಿಡಿದು ಬಂದಳು. ಮೊದಲ ತಟ್ಟೆಯನ್ನು ಯಜಮಾನರ ತಾಯಿಗೆ ಕೊಟ್ಟಳು. ಎಪ್ಪತ್ತು ದಾಟಿದ ಆ ಅಜ್ಜಿ ತಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕೆಳಗಿಟ್ಟರು.

"ಸ್ವಾಮಾರ ಕಣವ್ವ. ಒಪ್ಪೊತ್ತು. ರಾತ್ರಿ ಪೂಜೆ ಆಗಗಂಟ ಏನೂ ಮುಟ್ಟಂಗಿಲ್ಲ."

ಸುತ್ತ ಕೂತವರೆಲ್ಲ ಹೌದು ಹೌದೆಂದರು. ಆಗ ನನಗೆ ಎರಡೂ ಒಟ್ಟಿಗೆ ಅರ್ಥವಾದವು. ಸೋಮವಾರ ಬಸವಣ್ಣನ ವಾರ. ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಆದ್ದರಿಂದ ಕಣದ ಕೆಲಸವಿಲ್ಲ. ಬೀದಿಗೆ ಬೀದಿಯೇ ಬಂದದ್ದು ಅದಕ್ಕೆ. ಒಬ್ಬರೂ ತಿನ್ನದೆ ಕೂತದ್ದೂ ಅದಕ್ಕೆ. ದಿನಾ ಸುದ್ದಿಯ ತಲೆಯ ಮೇಲೆ ತಾರೀಖು, ವಾರ ಬರೆಯುವವನು ನಾನು. ನನಗೇ ಹೊಳೆದಿರಲಿಲ್ಲ.

ನನ್ನ ಹೆಂಡತಿ ತಟ್ಟೆ ಹಿಡಿದು ನಿಂತೇ ಇದ್ದಳು. ಜನ ಎದ್ದು ಹೋಗಲಿಲ್ಲ. ಕರೆದ ಮನೆಯಿಂದ ತಕ್ಷಣ ಏಳುವುದು ಮರ್ಯಾದೆಯಲ್ಲ, ಮನೆಯಲ್ಲಿ ಕೆಲಸವೂ ಇರಲಿಲ್ಲ. ಕೊನೆಗೆ ಅಜ್ಜಿಯೇ ಬಾಯಿಬಿಟ್ಟರು.

"ಅದ್ಸರಿ, ಯಾಕವ್ವ ಈ ಹಬ್ಬ ಮಾಡೋದು? ಕುಂತ್ಕೊಂಡು ಯೋಳು."

ನನ್ನ ಹೆಂಡತಿ ಜಗಲಿಯಲ್ಲಿದ್ದ ಯಜಮಾನರ ಕಡೆ ನೋಡಿದಳು. ಅವರು ಕಂಬ ನೋಡುತ್ತಿದ್ದರು. ಅವಳು ತಟ್ಟೆಯನ್ನು ಪಕ್ಕಕ್ಕಿಟ್ಟು ಅಜ್ಜಿಯ ಎದುರು ಕೂತಳು.

ಹೇಳಿದಳು. ಅರಸನ ಆಜ್ಞೆ ಹೊರಟದ್ದು, ಎಲ್ಲರೂ ಹೆಸರು ಬರೆಸಲು ತಮ್ಮ ತಮ್ಮ ಮೂಲದ ಊರಿಗೆ ಹೋಗಬೇಕಾದದ್ದು, ದಿನ ತುಂಬಿದ ಬಸುರಿ ಗಂಡನ ಜೊತೆ ಹೊರಟದ್ದು. ಅಲ್ಲಿಗೆ ಎದುರು ಮನೆಯ ಮುದುಕರೊಬ್ಬರು ತಡೆದರು. ಹೆಸರು ಬರೆಯುವವರು ಮನೆ ಬಾಗಿಲಿಗೆ ಬರಬೇಕಾಗಿತ್ತು, ಬಸುರಿಯನ್ನು ಅಷ್ಟು ದೂರ ಓಡಾಡಿಸಬಹುದೇ ಎನ್ನುವುದು ಅವರ ತಕರಾರು.

"ಸರ್ಕಾರ ಅಂದ್ರೆ ಆಗ್ಲೂ ಹಿಂಗೇಯಾ?" ಎಂದರು ನನ್ನ ಕಡೆ ತಿರುಗಿ. ಪೇಪರಿನವನಾದ್ದರಿಂದ ಉತ್ತರ ನನ್ನಲ್ಲಿರಬೇಕು ಎಂದು ಅವರ ಎಣಿಕೆ. ಎಲ್ಲರೂ ನಕ್ಕರು.

ಛತ್ರದಲ್ಲಿ ಜಾಗ ಸಿಗದೆ ಕೊಟ್ಟಿಗೆಯಲ್ಲಿ ಇಳಿದದ್ದನ್ನು, ಮಗುವನ್ನು ದನ ಮೇಯುವ ಗೋದಲಿಯಲ್ಲಿ ಮಲಗಿಸಿದ್ದನ್ನು ಹೇಳಿದಾಗ ನಗು ನಿಂತಿತು. ಗೋದಲಿಯಲ್ಲಿ ಮಗು ಮಲಗಿದರೆ ಆ ದನಗಳಿಗೆ ಮೇವು ಎಲ್ಲಿ ಹಾಕಿದರು ಎಂದು ಒಬ್ಬರು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಅಜ್ಜಿಯ ಪ್ರಶ್ನೆ ಬೇರೆ.

"ಸೂಲಗಿತ್ತಿ ಯಾರು?"

ಅಷ್ಟು ಹೊತ್ತಿಗೆ ನನ್ನ ಹೆಂಡತಿ ನೂರಾರು ಹೆರಿಗೆ ಮಾಡಿಸಿದ್ದಳು. ಆದರೂ ಆ ಪ್ರಶ್ನೆ ಅವಳಿಗೆ ಅದುವರೆಗೆ ಬಂದಿರಲಿಲ್ಲ.

"ಪುಸ್ತಕದಲ್ಲಿ ಬರೆದಿಲ್ಲ ಅಜ್ಜಿ."

"ಬರ್ದೋರು ಗಂಡಸ್ರಿರ್ಬೇಕು ಬುಡು" ಎಂದರು ಅಜ್ಜಿ. ಹೆಂಗಸರೆಲ್ಲ ನಕ್ಕರು.

ಅವಳು ಮುಂದುವರಿಸಿದಳು. ಕುರುಬರು ಬಂದದ್ದು, ಮಗು ಬೆಳೆದು ದೊಡ್ಡದಾಗಿ ಮಾಡಿದ್ದು, ಅವನನ್ನು ಕೊಂದದ್ದು, ಅವನು ಎದ್ದದ್ದು. ಕಾಲು ಗಂಟೆಗಿಂತ ಹೆಚ್ಚು ಹಿಡಿಯಲಿಲ್ಲ. ಇದು ಬರೀ ಕಥೆಯಲ್ಲ ಅಜ್ಜಿ, ನಾನು ಇದನ್ನ ನಂಬಿದ್ದೀನಿ, ನಮ್ಮಮ್ಮನ್ನ ಎತ್ತಿ ನಿಲ್ಲಿಸಿದ್ದು ಇದೇ ಎಂದು ಮುಗಿಸಿದಳು.

ಅಜ್ಜಿ ಅವಳನ್ನೇ ನೋಡುತ್ತಿದ್ದರು.

"ಒಂದೇ ಸೂರಿನಡಿ ಒಂದೂವರೆ ವರ್ಸ ಆಯ್ತು. ಇಂಥಾದ್ದು ಇಟ್ಕೊಂಡು ಯಾಕೆ ಸುಮ್ನಿದ್ದೆ ನೀನು?"

ಜಗಲಿಯಿಂದ ಯಜಮಾನರೇ ಹೇಳಿದರು. "ನಾನೇ ಬ್ಯಾಡ ಅಂದಿದ್ದೆ ಕಣವ್ವ."

"ನಿನ್ನ ಯಾರ್ಲಾ ಕೇಳಿದ್ರು?" ಎಂದರು ಅಜ್ಜಿ. ಆಮೇಲೆ ನನ್ನ ಹೆಂಡತಿಯ ಕೈ ಹಿಡಿದು, "ನೀನು ನಂಬು ಮಗಾ. ನಂಗೆ ನಮ್ ಶಿವ ಅವ್ನೆ, ಅವನ್ನ ನಾನು ಬುಡಾಕಿಲ್ಲ. ನೀನೂ ಕೇಳು, ನಾನೂ ಯೋಳ್ತೀನಿ" ಎಂದರು.

ಕಜ್ಜಾಯ, ಕರ್ಜಿಕಾಯಿಗಳನ್ನು ಹೆಂಗಸರು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಮರುದಿನ ಬೀದಿಯ ಮಕ್ಕಳು ತಿನ್ನುತ್ತಿದ್ದದ್ದನ್ನು ನಾನು ನೋಡಿದೆ. ದೊಡ್ಡವರು ತಿಂದರೋ ಇಲ್ಲವೋ ನೋಡಿಲ್ಲ.

ಆಮೇಲೆ ಸೋಮವಾರಗಳು ಅವರಿಬ್ಬರವಾದವು. ಕೆಲಸ ಮುಗಿಸಿ ಬಂದು ನನ್ನ ಹೆಂಡತಿ ಒಳಮನೆಗೆ ಹೋಗಿ ಕೂರುತ್ತಿದ್ದಳು. ಒಂದು ವಾರ ಅವಳು ಹೇಳಿದರೆ ಇನ್ನೊಂದು ವಾರ ಅಜ್ಜಿ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನೋಡುವುದೇಕೆ ಎಂದು ಅವಳು ಕೇಳಿದಾಗ ಅಜ್ಜಿ ಎರಡು ಸೋಮವಾರ ತೆಗೆದುಕೊಂಡರಂತೆ. ಸುಮಾರು ಎರಡೂವರೆ ವರ್ಷದಲ್ಲಿ ಅಜ್ಜಿ ತಮ್ಮ ದೇವರನ್ನು ಬಿಡಲಿಲ್ಲ, ಇವಳೂ ಬಿಡಲಿಲ್ಲ. ಊರಲ್ಲಿ ಯಾರೂ ಮತಾಂತರವಾಗಲಿಲ್ಲ. ಅದರಿಂದ ನಿನಗೆ ಬೇಸರವಿಲ್ಲವೇ ಎಂದು ಕೇಳಿದ್ದೆ. ಕೊಡುವುದಷ್ಟೇ ನನ್ನ ಕೆಲಸ ಎಂದು ಹೇಳಿ ಅವಳು ಪಾತ್ರೆ ತೊಳೆಯುವುದನ್ನು ಮುಂದುವರಿಸಿದಳು.

ಅಜ್ಜಿ ಆ ಕಥೆಯನ್ನು ಸಂಪಿಗೆ ಊರಿನಿಂದ ಬಂದ ನೆಂಟರಿಗೆ ಹೇಳುತ್ತಿದ್ದುದನ್ನು ನಾನೇ ಒಮ್ಮೆ ಕೇಳಿಸಿಕೊಂಡೆ. ಅವರ ಕಥೆಯಲ್ಲಿ ಒಬ್ಬ ಸೂಲಗಿತ್ತಿ ಇದ್ದಳು, ಬಿಸಿನೀರೂ ಕಾದಿತ್ತು. ನನ್ನ ಹೆಂಡತಿ ತಿದ್ದಲು ಹೋದಳು. "ಸೂಲಗಿತ್ತಿ ಇಲ್ದೆ ಹೆರಿಗೆ ಆದೀತಾ? ನೀನೇ ನರ್ಸು, ನೀನೇ ಯೋಳು" ಎಂದರು. ಅವಳು ತಿದ್ದುವುದನ್ನು ಕೈಬಿಟ್ಟಳು.

1981ರ ಮೇ ತಿಂಗಳಲ್ಲಿ ಅವಳಿಗೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ ವರ್ಗವಾಯಿತು. ಹೊರಡುವ ದಿನ ಅಜ್ಜಿ ಅವಳ ಮಡಿಲು ತುಂಬಿದರು. ಅಕ್ಕಿ, ಬೆಲ್ಲ, ಎರಡು ಗಿಟುಕು ಕೊಬ್ಬರಿ, ಒಂದು ರವಿಕೆ ಕಣ. ತಟ್ಟೆಯಲ್ಲಿ ಕುಂಕುಮದ ಬಟ್ಟಲೂ ಇತ್ತು. ಅದನ್ನು ಅವಳ ಹಣೆಗೆ ಇಡಲಿಲ್ಲ, ತಟ್ಟೆಯಿಂದ ತೆಗೆಯಲೂ ಇಲ್ಲ.

ಹೊಸ ಊರಲ್ಲಿ ಮನೆ ಹುಡುಕಲು ಯಜಮಾನರೇ ನಮ್ಮ ಜೊತೆ ಬಂದರು. ಅವರ ದೂರದ ನೆಂಟರ ಮನೆ ಖಾಲಿ ಇತ್ತು. ಆ ಮನೆಯವರು ನಮ್ಮ ಬಗ್ಗೆ ವಿಚಾರಿಸಿದಾಗ ಉತ್ತರ ಕೊಟ್ಟವರೂ ಅವರೇ.

"ಮೊಟ್ಟೆ ಗಿಟ್ಟೆ ಬೇಯ್ಸಲ್ಲ. ಯಾರ್ ತಂಟೆಗೂ ಹೋಗಲ್ಲ. ನೀವಾಗಿ ಕೇಳಿದ್ರೆ ಒಂದ್ ಕಥೆ ಯೋಳ್ತಾರೆ. ಕೇಳಿ, ಚೆನ್ನಾಗೈತೆ."

ಮೂರನೆಯ ವಾರ ಆ ಮನೆಯ ಯಜಮಾನಿ ನೆರೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು ನಮ್ಮ ಹಿತ್ತಿಲ ಬಾಗಿಲಿಗೆ ಬಂದರು. ನನ್ನ ಹೆಂಡತಿ ಒಲೆ ಆರಿಸಿ ಚಾಪೆ ಹಾಸಿದಳು.