ಗೂಂಗಾ ಚಾಚಾ ಕೂಗಿದ ಕೂಗು

೧೯೭೬ನೇ ಇಸವಿ. ನಮ್ಮದು ಹುಲಿಕುಂಟೆ ಕಡೆಯ ಕುರಿಹಟ್ಟಿ. ನಾನು ಶಿರಾದಲ್ಲಿ ಏಳನೇ ಕ್ಲಾಸು ಓದುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಅನ್ವರ್‌ಗೂ ನನಗೂ ಲೆಕ್ಕದಲ್ಲಿ ಸೊನ್ನೆಯೇ. ಹಾಗಾಗಿ ಇಬ್ಬರೂ ಗಳಸ್ಯ ಕಂಠಸ್ಯ. ಆದರೆ ಸಾಬರ ಮನೆಯಲ್ಲಿ ನೀರು ಕುಡಿದೆನೆಂದು ಗೊತ್ತಾದರೆ ಅಜ್ಜಿ ನನ್ನನ್ನು ಒಳಗೆ ಸೇರಿಸುತ್ತಿರಲಿಲ್ಲ.

ಒಂದು ದಿನ ಆಟದ ಮೈದಾನದಲ್ಲಿ ಅನ್ವರ್ ನನ್ನನ್ನು ವಿಚಿತ್ರವಾಗಿ ಕೂಗಿದ. ನಾಲಿಗೆಯಲ್ಲಿ ಮೂರು ಸಲ ಲೊಚಗುಟ್ಟಿ, 'ಹೋ...ಯ್' ಎಂದು ಎಳೆದು, ಕೊನೆಗೊಂದು ಬಿಕ್ಕು. ಓಡುತ್ತಿದ್ದವನು ನಿಂತುಬಿಟ್ಟೆ. ನಮ್ಮಲ್ಲಿ ಕುರಿ ಕರೆಯಲು ಒಬ್ಬೊಬ್ಬರದೂ ಒಂದೊಂದು ಕೂಗು. ಆ ಬಿಕ್ಕೊಂದನ್ನು ಬಿಟ್ಟರೆ ಇದು ನಮ್ಮ ತಾತನದು. ತಾತ ಬರ್ಮಾ ಯುದ್ಧಕ್ಕೆ ಹೋದವನು ಏನಾದನೋ ತಿಳಿಯಲಿಲ್ಲ. ಬಂದೇ ಬರುತ್ತಾನೆಂದು ಅಜ್ಜಿ ಕುಂಕುಮ ಅಳಿಸಿರಲಿಲ್ಲ. ದಿನಾ ಸಂಜೆ ಹಟ್ಟಿ ಬಾಗಿಲಲ್ಲಿ ನಿಂತು ಅದೇ ಕೂಗು ಹಾಕುತ್ತಿದ್ದಳು.

"ಯಾರ್ಲಾ ಇದ್ನ ಕಲಿಸ್ದೋರು?" ಎಂದೆ.

"ನಮ್ಮ ಗೂಂಗಾ ಚಾಚಾ ಕಣೋ. ಅವ್ರು ಮೂಗರು, ಇದೊಂದೇ ಬರೋದು."

ಯುದ್ಧ ಮುಗಿದ ಮೇಲೆ ಅನ್ವರನ ತಾತ ಆ ಮನುಷ್ಯನನ್ನು ಗುಂತಕಲ್ ಸ್ಟೇಷನ್ನಿನಲ್ಲಿ ಕಂಡು ಕರೆತಂದಿದ್ದರಂತೆ. ಮೈಮೇಲೆ ಮಿಲಿಟರಿ ಕೋಟಿತ್ತು. ಹೆಸರು, ಊರು ಯಾರಿಗೂ ಗೊತ್ತಾಗಲಿಲ್ಲ.

ನಾನು ಹೇಳಿದ್ದೇ ತಡ, ಅಜ್ಜಿ ಹೊಸ ಸೀರೆ ಉಟ್ಟು ನನ್ನನ್ನು ಕರೆದುಕೊಂಡು ಶಿರಾಕ್ಕೆ ಹೊರಟಳು. ಉರಿಬಿಸಿಲ ಮಧ್ಯಾಹ್ನ. ಅನ್ವರನ ಮನೆಯ ಹೊರಗೇ ನಿಂತು ಕೂಗು ಹಾಕಿದಳು. ಹಿತ್ತಿಲ ಕೋಣೆಯಿಂದ ಅದೇ ಕೂಗು ತಿರುಗಿ ಬಂತು, ಬಿಕ್ಕಿನ ಸಮೇತ. ಅಂಗಳದಲ್ಲಿ ಕಟ್ಟಿದ್ದ ಮೇಕೆ ಸೊಪ್ಪು ಬಿಟ್ಟು ಆ ಕಡೆ ತಿರುಗಿ ನಿಂತಿತು.

ಅಜ್ಜಿ ಒಳಗೆ ನುಗ್ಗಿದಳು. ಮುದುಕ ಗೋಡೆ ನೋಡುತ್ತಾ ಕೂತಿದ್ದ. ಅಜ್ಜಿ ಅವನ ಕೂದಲು ಸರಿಸಿ ಎಡಗಿವಿ ಮುಟ್ಟಿದಳು. ತಾತನ ಎಡಗಿವಿಯನ್ನು ತೋಳ ಹರಿದಿತ್ತೆಂದು ನೂರು ಸಲ ಕೇಳಿದ್ದೆ. ಈ ಕಿವಿ ನೆಟ್ಟಗಿತ್ತು.

"ಇವ್ನಲ್ಲ ಕಣ್ಲಾ," ಎಂದಳು. ಕೂದಲನ್ನು ಮತ್ತೆ ಕಿವಿಯ ಮೇಲೆ ಸರಿಸಿ, "ನಮ್ಮೋನ ಕೂಗಿನಾಗೆ ಬಿಕ್ಕು ಇರ್ನಿಲ್ಲ. ಸಾಯೋವಾಗ ಕುರಿ ಕರ್ದವ್ನೆ. ಇವ್ನು ಪಕ್ಕದಾಗಿದ್ದು ಕೇಳ್ಸ್ಕಂಡವ್ನೆ. ಆ ಬಿಕ್ಕು ನಮ್ಮೋನ ಕೊನೇ ಉಸ್ರು ಕಣ್ಲಾ," ಎಂದಳು.

ಸೆರಗಿನಿಂದ ಕುಂಕುಮ ಒರೆಸಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ಮಾತ್ರ ಅಳಲಿಲ್ಲ. ಅನ್ವರನ ತಾಯಿಯ ಹತ್ತಿರ, "ಒಂದು ಲೋಟ ನೀರು ಕೊಡವ್ವಾ" ಎಂದು ಕೇಳಿ ಕುಡಿದಳು. ಆಮೇಲೆ ಮುದುಕನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇನ್ನೊಂದ್ಸಲ ಕೂಗಪ್ಪಾ" ಎಂದಳು.

ಅಂದಿನಿಂದ ಹಟ್ಟಿ ಬಾಗಿಲಲ್ಲಿ ಕೂಗುವುದು ನಿಂತಿತು. ಸಂತೆಗೆ ಹೋದಾಗಲೆಲ್ಲ ಚಾಚಾನ ಹತ್ತಿರ ಕೂತು ಕೇಳಿಸಿಕೊಂಡು ಬರುತ್ತಿದ್ದಳು. ೧೯೮೧ರಲ್ಲಿ ಚಾಚಾ ತೀರಿಕೊಂಡರು. ಆ ವರ್ಷ ಹಿರಿಯರ ಹಬ್ಬಕ್ಕೆ ಅಜ್ಜಿ ತಾತನ ಎಡೆಯ ಪಕ್ಕದಲ್ಲಿ ಇನ್ನೊಂದು ಎಡೆ ಇಟ್ಟಳು.

ಆ ಕೂಗು ನನಗೂ ಬರುತ್ತದೆ. ಬಯಲಲ್ಲಿ ಒಬ್ಬನೇ ಇದ್ದಾಗ ಎಷ್ಟೋ ಸಲ ಗಂಟಲಿಗೆ ಬಂದಿದೆ. ನುಂಗಿಕೊಂಡಿದ್ದೇನೆ. ಅದರ ಹಿಂದೆಯೇ ಆ ಬಿಕ್ಕೂ ಬಂದುಬಿಟ್ಟರೆ ಎಂದು ಈಗಲೂ ಹೆದರಿಕೆ.