ಅಡುಗೆಮನೆ ಹಾದಿಯ ಬಿಳಿ ಪಟ್ಟೆಗಳು

ಬದುಕಿಡೀ ರಸ್ತೆಗೆ ಬಿಳಿ ಪಟ್ಟೆ ಬಳಿದು ನಿವೃತ್ತರಾದ ಪೇಂಟರಿಗೆ ಪಾರ್ಕಿನ್‌ಸನ್ ಕಾಯಿಲೆ ಬಂತು. ಕೈ ನಡುಗುವುದಿರಲಿ, ಅಡುಗೆಮನೆ ಬಾಗಿಲ ಬಳಿ ಬಂದರೆ ಕಾಲು ನೆಲ ಕಚ್ಚಿ ನಿಂತುಬಿಡುತ್ತಿತ್ತು. ಕಣ್ಣಿಗೆ ಗೆರೆ ಕಂಡರೆ ದಾಟಲು ಕಾಲು ಏಳುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಹೆಂಡತಿ ನೆಲದ ಮೇಲೆ ಬಿಳಿ ಟೇಪಿನ ಪಟ್ಟೆಗಳನ್ನು ಅಂಟಿಸಿದಳು. ಪೇಂಟರು ಒಂದೊಂದನ್ನೇ ದಾಟುತ್ತ ಸಲೀಸಾಗಿ ಒಳಗೆ ಬಂದರು. ಬಂದವರೇ ಮುಖ ಸಿಂಡರಿಸಿದರು.

“ಎಲ್ಲಾ ಸೊಟ್ಟ ಕಣೇ!”

“ನಡೆಯೋಕೆ ಅಂಟಿಸಿದ್ದು ರೀ, ಬಹುಮಾನಕ್ಕಲ್ಲ.”

ಅವರು ಕೇಳಲಿಲ್ಲ. ನೆಲದ ಮೇಲೆ ಕೂತು, ನಡುಗುವ ಕೈಯಲ್ಲೇ ಕೊನೆಯ ಪಟ್ಟೆಯನ್ನು ಕಿತ್ತು ಮತ್ತೆ ಅಂಟಿಸಿದರು. ಅದು ಹಾವು ಹರಿದಂತೆ ಡೊಂಕಾಗಿ ಕೂತಿತು.

“ಈಗ ನೋಡು, ನೆಟ್ಟಗಾಯ್ತು,” ಎಂದರು.

ಹೆಂಡತಿ ತಲೆ ಓರೆ ಮಾಡಿ ನೋಡಿದಳು.

“ಹೌದು ರೀ, ಇದೊಂದೇ ನೆಟ್ಟಗಿರೋದು,” ಎಂದಳು.